ಹಾರ್ಡ್ ಡಿಸ್ಕ್ ಯಾವಾಗ ಕೈಚೆಲ್ಲಬೇಕು? ರೇಡ್ ಮತ್ತು 7 ಸೆಕೆಂಡಿನ ಲೆಕ್ಕ

ಈ ಸಲದ ಪಾಠ ಹಾರ್ಡ್ ಡಿಸ್ಕ್ ಬಗ್ಗೆ. ಮೊದಲು ಒಂದು ಪ್ರಶ್ನೆ ಕೇಳ್ತೀವಿ, ಉತ್ತರ ಆಮೇಲೆ.

ನಾಲ್ಕು ಹಾರ್ಡ್ ಡಿಸ್ಕ್ ಹಾಕಿ, ಲಿನಕ್ಸ್ ಇನ್‌ಸ್ಟಾಲ್ ಮಾಡಿ, ಒಂದು ರೇಡ್ 5 ಸರ್ವರ್ ಕಟ್ಟಿದ್ದೀವಿ ಅಂದ್ಕೊಳ್ಳಿ. ಆರು ತಿಂಗಳು ಏನೂ ತೊಂದರೆ ಇಲ್ಲ. ಒಂದು ದಿನ ಸರ್ವರ್ "ಮೂರನೇ ಡಿಸ್ಕ್ ಕೆಟ್ಟಿದೆ" ಅಂತ ಹೇಳಿ ಅದನ್ನ ಗುಂಪಿನಿಂದ ಹೊರಗೆ ಹಾಕುತ್ತೆ. ಆ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದ್ರೆ ಚೆನ್ನಾಗೇ ಓಡ್ತಿದೆ! ಒಂದೆರಡು ಸೆಕ್ಟರ್ ಬಿಟ್ಟರೆ ಎಲ್ಲಾ ಓದಕ್ಕೆ ಬರುತ್ತೆ. ಹಾಗಾದ್ರೆ ಸರ್ವರ್ ಸುಳ್ಳು ಹೇಳ್ತಾ? ಡಿಸ್ಕ್ ಮಾರಿದ ಅಂಗಡಿಯವರು ಮೋಸ ಮಾಡಿದ್ರಾ?

ಎರಡೂ ಅಲ್ಲ. ಡಿಸ್ಕ್ ತನ್ನ ಕೆಲಸ ಸರಿಯಾಗೇ ಮಾಡಿದೆ, ಸರ್ವರ್ ಕೂಡ ತನ್ನ ಕೆಲಸ ಸರಿಯಾಗೇ ಮಾಡಿದೆ. ಇಬ್ಬರ ಗಡಿಯಾರ ಮಾತ್ರ ಹೊಂದಿಲ್ಲ. ಈ ಲೇಖನದಲ್ಲಿ ಆ ಗಡಿಯಾರಗಳನ್ನ ಹೊಂದಿಸೋದು ಹೇಗೆ ಅಂತ ನೋಡೋಣ.

ಇದು ದೊಡ್ಡ ದೊಡ್ಡ ಡೇಟಾ ಸೆಂಟರ್‌ನವರ ಚಿಂತೆ, ನಮಗ್ಯಾಕೆ ಅಂತ ಅನ್ನಿಸಬಹುದು. ನಿಜ ಹೇಳ್ಬೇಕು ಅಂದ್ರೆ ಡೇಟಾ ಸೆಂಟರ್‌ನವರಿಗೆ ಈ ಚಿಂತೆ ಕಡಿಮೆ, ಅವರು ತಗೊಳ್ಳೋ ಡಿಸ್ಕ್‌ಗಳಲ್ಲಿ ಇದು ಮೊದಲೇ ಸರಿಯಾಗಿರುತ್ತೆ. ತೊಂದರೆ ಆಗೋದು ನಮ್ಮಂಥವರಿಗೆ. ಚಿಂತಾಮಣಿಯಲ್ಲಿ ಮದುವೆ ಫೋಟೋ ಸ್ಟುಡಿಯೋ ಇಟ್ಟವರು, ಪ್ರಾಜೆಕ್ಟ್ ಡೇಟಾ ಇಡೋಕೆ ಹಳೇ ಕಂಪ್ಯೂಟರ್‌ನಲ್ಲಿ ಸರ್ವರ್ ಮಾಡೋ ವಿದ್ಯಾರ್ಥಿಗಳು, ಎಸ್‌ಪಿ ರೋಡಿಗೆ ಹೋಗಿ ಕಡಿಮೆ ದುಡ್ಡಿಗೆ ಸಿಕ್ಕ ಡೆಸ್ಕ್‌ಟಾಪ್ ಡಿಸ್ಕ್ ತರೋರು. ಸ್ಟುಡಿಯೋದವರ ಡಿಸ್ಕ್ ಹೋದ್ರೆ ಹೋಗೋದು ಬೇರೆಯವರ ಮದುವೆ. ಅದನ್ನ ಮತ್ತೆ ಶೂಟ್ ಮಾಡಕ್ಕೆ ಆಗಲ್ಲ.

1. ಅರೇ ಅಂದ್ರೆ ಏನು?

ರೇಡ್ ಅನ್ನೋ ಪದದಲ್ಲಿ ಇರೋ "ಎ" ಅಂದ್ರೆ ಅರೇ, ಸಾಲಾಗಿ ಜೋಡಿಸಿದ ಗುಂಪು. ನಮ್ಮ ಜಿಲ್ಲೆಯವರಿಗೆ ಈ ಪದ ಹೊಸದಲ್ಲ. ಗೌರಿಬಿದನೂರಿನ ಹತ್ತಿರ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ರೇಡಿಯೋ ದೂರದರ್ಶಕ ಇದೆ. ಅದರಲ್ಲಿ ದೊಡ್ಡ ಬೋಗುಣಿ ತರಹದ ಡಿಶ್ ಇಲ್ಲ. ಇಂಗ್ಲಿಷಿನ "ಟಿ" ಅಕ್ಷರದ ಆಕಾರದಲ್ಲಿ ನಿಲ್ಲಿಸಿದ 1000 ಡೈಪೋಲ್ ಆಂಟೆನಾಗಳು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ನೋಡೋಕೆ ಅಂತಲೇ ಮಾಡಿದ್ದು. ಒಂದೊಂದು ಆಂಟೆನಾ ಸಾಧಾರಣದ್ದೇ. ಎಲ್ಲಾ ಸೇರಿದಾಗ ಒಂದು ದೊಡ್ಡ ದೂರದರ್ಶಕ. ಒಂದು ಡೈಪೋಲ್ ಕೆಟ್ಟರೆ ದೂರದರ್ಶಕ ಕುರುಡಾಗಲ್ಲ.

ಹಾರ್ಡ್ ಡಿಸ್ಕ್‌ನಲ್ಲೂ ಇದೇ ಯೋಚನೆ. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಒಂದು ಪೇಪರ್ ಬರೆದ್ರು. ಒಂದು ದುಬಾರಿ ಡಿಸ್ಕ್ ಬದಲು ತುಂಬಾ ಅಗ್ಗದ ಡಿಸ್ಕ್‌ಗಳನ್ನ ಸೇರಿಸಿ, ಒಂದು ಹೋದ್ರೂ ಉಳಿದವು ನಡೆಸಿಕೊಂಡು ಹೋಗೋ ಹಾಗೆ ಮಾಡೋಣ ಅನ್ನೋದು ಅದರ ಸಾರ. ರೇಡ್‌ನ "ಐ" ಮೊದಲು "ಇನ್‌ಎಕ್ಸ್‌ಪೆನ್ಸಿವ್" ಆಗಿತ್ತು, ಆಮೇಲೆ ಕಂಪನಿಗಳು ಅದನ್ನ "ಇಂಡಿಪೆಂಡೆಂಟ್" ಮಾಡಿಕೊಂಡ್ರು.

2. ಕಳೆದದ್ದು ವಾಪಸ್ ಹೇಗೆ ಬರುತ್ತೆ?

ರೇಡ್ 5ರಲ್ಲಿ ಡೇಟಾ ಜೊತೆಗೆ ಪ್ಯಾರಿಟಿ ಅಂತ ಒಂದು ಲೆಕ್ಕ ಬರೆದಿಡ್ತಾರೆ. ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ಓದಿದ ಎಕ್ಸಾರ್ ನೆನಪಿದೆ ಅಲ್ವಾ? ಎರಡು ಬಿಟ್ ಒಂದೇ ಆಗಿದ್ರೆ 0, ಬೇರೆ ಬೇರೆ ಆಗಿದ್ರೆ 1.

ಸುಲಭ ಆಗಲಿ ಅಂತ ಮೂರೇ ಡಿಸ್ಕ್ ತಗೊಳ್ಳೋಣ. ಮೊದಲನೇ ಡಿಸ್ಕ್‌ನಲ್ಲಿ 0110, ಎರಡನೇದರಲ್ಲಿ 1011. ಎರಡರ ಎಕ್ಸಾರ್ 1101, ಇದು ಮೂರನೇ ಡಿಸ್ಕ್‌ಗೆ ಹೋಗುತ್ತೆ. ಈಗ ಎರಡನೇ ಡಿಸ್ಕ್ ಹೋಯ್ತು ಅನ್ನಿ. 0110 ಮತ್ತು 1101 ಎಕ್ಸಾರ್ ಮಾಡಿ: 1011. ಹೋದದ್ದು ವಾಪಸ್ ಬಂತು. ನಿಜವಾದ ರೇಡ್ 5ರಲ್ಲಿ ಪ್ಯಾರಿಟಿ ಒಂದೇ ಡಿಸ್ಕ್‌ನಲ್ಲಿ ಇರಲ್ಲ, ಸರದಿ ಮೇಲೆ ಎಲ್ಲಾ ಡಿಸ್ಕ್‌ಗಳಿಗೂ ಹಂಚಿರುತ್ತೆ. ಲೆಕ್ಕ ಮಾತ್ರ ಇದೇ.

ಇಲ್ಲಿ ಒಂದು ಮಾತು ಗಮನಿಸಿ. ಇಡೀ ಡಿಸ್ಕ್ ಹೋದಾಗ ಮಾತ್ರ ಅಲ್ಲ, ಒಂದೇ ಒಂದು ಸೆಕ್ಟರ್ ಓದಕ್ಕೆ ಬರದೇ ಇದ್ದಾಗಲೂ ಈ ಲೆಕ್ಕ ಕೆಲಸ ಮಾಡುತ್ತೆ. ಉಳಿದ ಡಿಸ್ಕ್‌ಗಳಿಂದ ಆ ಸೆಕ್ಟರ್‌ನಲ್ಲಿ ಏನಿತ್ತು ಅಂತ ಒಂದು ಕ್ಷಣದಲ್ಲಿ ಕಂಡುಹಿಡಿಯಬಹುದು. ಆದ್ರೆ ಅದಕ್ಕೆ ಆ ಡಿಸ್ಕ್ "ನನ್ನ ಕೈಲಿ ಆಗ್ತಿಲ್ಲ" ಅಂತ ಬಾಯಿಬಿಟ್ಟು ಹೇಳಬೇಕು. ನಮ್ಮ ಕಥೆ ಇರೋದೇ ಇಲ್ಲಿ.

3. ಹಟಮಾರಿ ಡಿಸ್ಕ್

ಡಿಸ್ಕ್ ಒಂದು ಸೆಕ್ಟರ್ ಓದುವಾಗ ತಪ್ಪು ಬಂದ್ರೆ ಮೊದಲು ಸೆಕ್ಟರ್ ಜೊತೆಗೇ ಬರೆದಿರೋ ತಿದ್ದುಪಡಿ ಕೋಡ್‌ನಿಂದ ಸರಿ ಮಾಡಕ್ಕೆ ನೋಡುತ್ತೆ. ಆಗಲಿಲ್ಲ ಅಂದ್ರೆ ತಟ್ಟೆ ಇನ್ನೊಂದು ಸುತ್ತು ಬರೋವರೆಗೂ ಕಾದು ಮತ್ತೆ ಓದುತ್ತೆ. ಹೆಡ್‌ನ ಸ್ವಲ್ಪ ಆ ಕಡೆ ಈ ಕಡೆ ಸರಿಸಿ ಮತ್ತೆ ಓದುತ್ತೆ. 7200 ಆರ್‌ಪಿಎಂ ಡಿಸ್ಕ್‌ನಲ್ಲಿ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್, ಅಂದ್ರೆ ಒಂದು ನಿಮಿಷದಲ್ಲಿ 7200 ಸಲ ಆ ಸೆಕ್ಟರ್ ಹೆಡ್‌ನ ಕೆಳಗೆ ಬಂದು ಹೋಗುತ್ತೆ.

ಡೆಸ್ಕ್‌ಟಾಪ್ ಡಿಸ್ಕ್‌ಗಳು ಈ ಪ್ರಯತ್ನ ಬೇಗ ಬಿಡಲ್ಲ. ಕೆಲವು ಎರಡು ನಿಮಿಷಕ್ಕಿಂತ ಜಾಸ್ತಿ ಹೊತ್ತು ಹಟ ಹಿಡೀತವೆ. ಅಷ್ಟು ಹೊತ್ತು ಬೇರೆ ಯಾರು ಏನು ಕೇಳಿದ್ರೂ ಉತ್ತರ ಇಲ್ಲ. ಇದು ತಪ್ಪಲ್ಲ. ನಿಮ್ಮ ಮನೆ ಕಂಪ್ಯೂಟರ್‌ನಲ್ಲಿ ಇರೋದು ಒಂದೇ ಡಿಸ್ಕ್. ಅದು ಓದದೇ ಇದ್ರೆ ಇನ್ಯಾರೂ ಓದಿ ಕೊಡೋರಿಲ್ಲ. ಎರಡು ನಿಮಿಷ ಕಾದ್ರೂ ಪರವಾಗಿಲ್ಲ, ಫೈಲ್ ಸಿಕ್ಕಿದ್ರೆ ಸಾಕು.

ರೇಡ್‌ನಲ್ಲಿ ಮಾತ್ರ ಇದೇ ಒಳ್ಳೆ ಗುಣ ಮುಳುವಾಗುತ್ತೆ.

4. ಶಿಡ್ಲಘಟ್ಟದಲ್ಲಿ ಏನು ಮಾಡ್ತಾರೆ?

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚೋದನ್ನ ನೋಡಿದವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಬಿಸಿನೀರಿನಲ್ಲಿ ಬೆಂದ ಗೂಡುಗಳು ತೇಲ್ತಾ ಇರ್ತವೆ. ಒಂದು ಗೂಡಿನ ಎಳೆ ಕಣ್ಣಿಗೆ ಕಾಣೋದೇ ಕಷ್ಟ, ಅಷ್ಟು ಸಣ್ಣ. ಅದಕ್ಕೆ ಎಂಟ್ಹತ್ತು ಗೂಡಿನ ಎಳೆ ಒಟ್ಟಿಗೆ ಸೇರಿಸಿ ಒಂದು ನೂಲು ಮಾಡ್ತಾರೆ, ಅದು ಮೇಲಿನ ರಾಟೆಗೆ ಸುತ್ತಿಕೊಳ್ತಾ ಹೋಗುತ್ತೆ.

ಮಧ್ಯದಲ್ಲಿ ಒಂದು ಗೂಡಿನ ಎಳೆ ತುಂಡಾಯ್ತು ಅನ್ನಿ. ಕೆಲಸ ಮಾಡೋ ಹೆಂಗಸು ರಾಟೆ ನಿಲ್ಲಿಸಿ ಅದೇ ಗೂಡಿನ ತುದಿ ಹುಡುಕ್ತಾ ಕೂರಲ್ಲ. ತುದಿ ತೆಗೆದು ಇಟ್ಕೊಂಡಿರೋ ಇನ್ನೊಂದು ಗೂಡಿನ ಎಳೆಯನ್ನ ತಕ್ಷಣ ಸೇರಿಸ್ತಾರೆ. ತುಂಡಾದ ಗೂಡು ಪಕ್ಕಕ್ಕೆ ಹೋಗುತ್ತೆ, ಅದರ ತುದಿ ಆಮೇಲೆ ಪುರುಸೊತ್ತಾಗಿ ತೆಗೀತಾರೆ. ಅದನ್ನ ಎಸೆಯೋದಿಲ್ಲ ಅನ್ನೋದನ್ನೂ ಗಮನಿಸಿ.

ಹೋಲಿಕೆ ಪೂರ್ತಿ ಸರಿ ಇಲ್ಲ. ಅಲ್ಲಿ ಸೇರಿಸೋದು ಬೇರೆ ಎಳೆ, ರೇಡ್‌ನಲ್ಲಿ ಎಕ್ಸಾರ್ ಮಾಡಿ ಪಡೆಯೋದು ಅದೇ ಡೇಟಾ. ಆದ್ರೆ ಕೆಲಸದ ನಿಯಮ ಒಂದೇ: ನಿನ್ನ ಹಿಂದೆ ಇನ್ನೊಬ್ಬರಿದ್ದಾರೆ ಅಂದ್ರೆ ಬೇಗ ಹೇಳು, ಅವರು ನಡೆಸಿಕೊಂಡು ಹೋಗ್ತಾರೆ. ಯಾರೂ ಇಲ್ಲ ಅಂದ್ರೆ ಕೊನೇವರೆಗೂ ಪ್ರಯತ್ನ ಮಾಡು.

5. ಎರಡು ಗಡಿಯಾರ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಡಿಸ್ಕ್ ಒಳಗೆ ಒಂದು ಗಡಿಯಾರ ಇದೆ: ಎಷ್ಟು ಹೊತ್ತು ಪ್ರಯತ್ನ ಮಾಡಬೇಕು ಅನ್ನೋದು. ಲಿನಕ್ಸ್ ಕರ್ನಲ್ ಒಳಗೆ ಇನ್ನೊಂದು ಇದೆ: ಡಿಸ್ಕ್ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನೋದು. ಕರ್ನಲ್‌ನ ಗಡಿಯಾರ ಸಾಮಾನ್ಯವಾಗಿ 30 ಸೆಕೆಂಡಿಗೆ ಇಟ್ಟಿರುತ್ತೆ. ಎಂಡಿ ಅಂದ್ರೆ ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್. ಡೆಸ್ಕ್‌ಟಾಪ್ ಡಿಸ್ಕ್ ಇದ್ದಾಗ ನಡೆಯೋದು ಹೀಗೆ:

ಮೊದಲು: ಎಂಡಿ ಮೂರನೇ ಡಿಸ್ಕ್‌ನಿಂದ ಒಂದು ಸೆಕ್ಟರ್ ಕೇಳುತ್ತೆ. ಆ ಸೆಕ್ಟರ್ ಓದಕ್ಕೆ ಬರ್ತಿಲ್ಲ. ಡಿಸ್ಕ್ ಮತ್ತೆ ಮತ್ತೆ ಓದ್ತಾ ಇದೆ.

30ನೇ ಸೆಕೆಂಡ್: ಕರ್ನಲ್‌ನ ತಾಳ್ಮೆ ಮುಗೀತು. ಆ ಕಮಾಂಡ್ ರದ್ದು ಮಾಡಿ, ಡಿಸ್ಕ್‌ನ ಕನೆಕ್ಷನ್ ರೀಸೆಟ್ ಮಾಡುತ್ತೆ. ಡಿಸ್ಕ್ ಇನ್ನೂ ಹುಡುಕಾಟದಲ್ಲೇ ಇದೆ, ರೀಸೆಟ್‌ಗೂ ಉತ್ತರ ಇಲ್ಲ.

ಆಮೇಲೆ: ಕರ್ನಲ್ ಎಂಡಿಗೆ "ಓದಕ್ಕೆ ಆಗಲಿಲ್ಲ" ಅನ್ನುತ್ತೆ. ಎಂಡಿ ಉಳಿದ ಮೂರು ಡಿಸ್ಕ್‌ಗಳಿಂದ ಲೆಕ್ಕ ಹಾಕಿ ಡೇಟಾ ಕೊಡುತ್ತೆ. ನಂತರ ಒಳ್ಳೆ ಮನಸ್ಸಿನಿಂದ ಆ ಡೇಟಾನ ಅದೇ ಸೆಕ್ಟರ್‌ಗೆ ವಾಪಸ್ ಬರೆಯಕ್ಕೆ ಹೋಗುತ್ತೆ. ಡಿಸ್ಕ್ ಕೇಳಿಸಿಕೊಳ್ತಿಲ್ಲ, ಬರೆಯೋದೂ ಫೇಲ್. ಬರೆಯಕ್ಕೂ ಬರದ ಡಿಸ್ಕ್ ಎಂಡಿ ಲೆಕ್ಕದಲ್ಲಿ ಸತ್ತ ಹಾಗೆ. ಹೊರಗೆ ಹಾಕುತ್ತೆ.

ಎರಡು ನಿಮಿಷದ ಮೇಲೆ: ಡಿಸ್ಕ್ ಹುಡುಕಾಟ ಮುಗಿಸಿ ತಲೆ ಎತ್ತಿ ನೋಡುತ್ತೆ. ಕೇಳೋರು ಯಾರೂ ಇಲ್ಲ.

ಒಂದು ಸೆಕ್ಟರ್ ಅಂದ್ರೆ 512 ಬೈಟ್ ಅಥವಾ 4096 ಬೈಟ್. ಅಷ್ಟಕ್ಕೆ 4 ಟೆರಾಬೈಟ್ ಡಿಸ್ಕ್ ಮನೆಯಿಂದ ಆಚೆ!

ಡಿಸ್ಕ್‌ನ ಗಡಿಯಾರನ 7 ಸೆಕೆಂಡಿಗೆ ಇಟ್ಟಿದ್ರೆ? 7ನೇ ಸೆಕೆಂಡಿನಲ್ಲಿ ಡಿಸ್ಕ್ "ಈ ಸೆಕ್ಟರ್ ಬರ್ತಿಲ್ಲ" ಅಂತ ಹೇಳಿಬಿಡುತ್ತೆ. ಕರ್ನಲ್‌ಗೆ ಇನ್ನೂ 23 ಸೆಕೆಂಡ್ ತಾಳ್ಮೆ ಇದೆ. ಎಂಡಿ ಲೆಕ್ಕ ಹಾಕಿ ಡೇಟಾ ಕೊಟ್ಟು, ಅದೇ ಜಾಗಕ್ಕೆ ವಾಪಸ್ ಬರೆಯುತ್ತೆ. ಆ ಜಾಗ ನಿಜವಾಗಲೂ ಹಾಳಾಗಿದ್ರೆ ಡಿಸ್ಕ್ ತನ್ನ ಹತ್ತಿರ ಮೀಸಲಿಟ್ಟಿರೋ ಬೇರೆ ಸೆಕ್ಟರ್‌ನಲ್ಲಿ ಬರೆದುಕೊಳ್ಳುತ್ತೆ. ಫೋಟೋ ತೆಗೆಯೋಕೆ ಹೋದವರಿಗೆ ಸ್ವಲ್ಪ ತಡ ಆದ ಹಾಗೆ ಅನ್ನಿಸುತ್ತೆ ಅಷ್ಟೇ.

ಈ 7 ಎಲ್ಲಿಂದ ಬಂತು? ಹಾರ್ಡ್‌ವೇರ್ ರೇಡ್ ಕಾರ್ಡ್‌ಗಳಲ್ಲಿ ಎಷ್ಟೋ ಕಾರ್ಡ್‌ಗಳು ಸುಮಾರು 8 ಸೆಕೆಂಡ್ ಮಾತ್ರ ಕಾಯ್ತವೆ. ಅದಕ್ಕಿಂತ ಒಂದು ಸೆಕೆಂಡ್ ಮೊದಲೇ ಹೇಳಿಬಿಡೋಣ ಅಂತ 7.

6. ಒಂದು ಡಿಸ್ಕ್ ತಾನೇ ಹೋದ್ರೆ ಏನಾಯ್ತು?

ರೇಡ್ 5 ಒಂದು ಡಿಸ್ಕ್ ಹೋದ್ರೂ ನಡೆಯುತ್ತಲ್ಲ, ಹೊಸ ಡಿಸ್ಕ್ ಹಾಕಿದ್ರಾಯ್ತು ಅಂತ ನೀವು ಕೇಳಬಹುದು. ಅಪಾಯ ಇರೋದೇ ಅಲ್ಲಿ. ಹೊಸ ಡಿಸ್ಕ್ ತುಂಬಿಸೋಕೆ, ಅಂದ್ರೆ ರೀಬಿಲ್ಡ್‌ಗೆ, ಉಳಿದ ಮೂರು ಡಿಸ್ಕ್‌ಗಳನ್ನ ಮೊದಲಿಂದ ಕೊನೇವರೆಗೂ ಓದಬೇಕು. ಒಂದು ಸೆಕ್ಟರೂ ತಪ್ಪುವ ಹಾಗಿಲ್ಲ.

ಲೆಕ್ಕ ಮಾಡೋಣ. ಡೆಸ್ಕ್‌ಟಾಪ್ ಡಿಸ್ಕ್‌ಗಳ ಡೇಟಾಶೀಟ್‌ನಲ್ಲಿ ಓದಕ್ಕೆ ಬರದ ತಪ್ಪು 10ರ ಘಾತ 14 ಬಿಟ್‌ಗೆ ಒಂದಕ್ಕಿಂತ ಕಡಿಮೆ ಅಂತ ಬರೆದಿರೋದು ಸಾಮಾನ್ಯ. 8ರಿಂದ ಭಾಗಿಸಿದ್ರೆ 12.5 ಟೆರಾಬೈಟ್. ನಮ್ಮ ಮೂರು ಡಿಸ್ಕ್ ಸೇರಿ ಓದಬೇಕಾದ್ದು 12 ಟೆರಾಬೈಟ್. ಇದು ಕಂಪನಿ ಕೊಡೋ ಮೇಲ್ಮಿತಿ, ಒಳ್ಳೆ ಸ್ಥಿತಿಯಲ್ಲಿರೋ ಡಿಸ್ಕ್ ಸಾಮಾನ್ಯವಾಗಿ ಇದಕ್ಕಿಂತ ಚೆನ್ನಾಗೇ ನಡೆಯುತ್ತೆ. ಆದ್ರೂ ಆ ಸಮಯದಲ್ಲಿ ಎರಡನೇ ಡಿಸ್ಕ್‌ನಲ್ಲಿ ಇಂಥದ್ದೇ ಒಂದು ಸೆಕ್ಟರ್ ಸಿಕ್ಕಿದ್ರೆ, ಮತ್ತೆ ಅದೇ 30 ಸೆಕೆಂಡಿನ ಕಥೆ ನಡೆದು ಎರಡನೇ ಡಿಸ್ಕ್ ಕೂಡ ಆಚೆ. ಆಗ ಅರೇ ಪೂರ್ತಿ ನಿಲ್ಲುತ್ತೆ. ನಾಲ್ಕೂ ಡಿಸ್ಕ್ ಬದುಕಿರುತ್ತೆ, ಡೇಟಾ ಮಾತ್ರ ಕೈಗೆ ಸಿಗಲ್ಲ.

7. ಸೆಟ್ಟಿಂಗ್ ನೋಡೋದು, ಬದಲಾಯಿಸೋದು

ಈ ಸೌಲಭ್ಯಕ್ಕೆ ವೆಸ್ಟರ್ನ್ ಡಿಜಿಟಲ್‌ನವರು ಟಿಎಲ್‌ಇಆರ್ ಅಂತಾರೆ, ಸೀಗೇಟ್‌ನವರು ಇಆರ್‌ಸಿ ಅಂತಾರೆ, ಹಿಟಾಚಿ ಮತ್ತು ಸ್ಯಾಮ್‌ಸಂಗ್‌ನವರು ಸಿಸಿಟಿಎಲ್ ಅಂತಿದ್ರು. ಸ್ಟ್ಯಾಂಡರ್ಡ್‌ನಲ್ಲಿ ಇರೋ ಹೆಸರು ಎಸ್‌ಸಿಟಿ ಎರರ್ ರಿಕವರಿ ಕಂಟ್ರೋಲ್. ಹೆಸರು ಬೇರೆ, ಕೆಲಸ ಒಂದೇ.

ಕಮಾಂಡ್‌ಗಳನ್ನ ಬಾಯಲ್ಲಿ ಹೇಳೋ ಹಾಗೆ ಕನ್ನಡದಲ್ಲಿ ಬರೆದಿದ್ದೀವಿ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ. ಎಲ್ಲಕ್ಕೂ ರೂಟ್ ಅನುಮತಿ ಬೇಕು.

ನೋಡೋದು: ಸ್ಮಾರ್ಟ್‌ಮಾನ್‌ಟೂಲ್ಸ್ ಪ್ಯಾಕೇಜ್ ಹಾಕಿಕೊಳ್ಳಿ. ಅದರಲ್ಲಿ ಇರೋ ಸ್ಮಾರ್ಟ್‌ಸಿಟಿಎಲ್‌ಗೆ ಮೈನಸ್ ಎಲ್ ಕೊಟ್ಟು, ಎಸ್‌ಸಿಟಿಇಆರ್‌ಸಿ ಅಂತ ಸೇರಿಸಿ ಬರೆದು, ಕೊನೆಗೆ ಡ್ರೈವಿನ ಹೆಸರು ಕೊಡಿ. ಮೂರರಲ್ಲಿ ಒಂದು ಉತ್ತರ ಬರುತ್ತೆ. ರೀಡ್ 70, ರೈಟ್ 70 ಅಂತ ಬಂದ್ರೆ ಸರಿಯಾಗಿದೆ. ಡಿಸೇಬಲ್ಡ್ ಅಂತ ಬಂದ್ರೆ ಸೌಲಭ್ಯ ಇದೆ, ಆನ್ ಆಗಿಲ್ಲ. ನಾಟ್ ಸಪೋರ್ಟೆಡ್ ಅಂತ ಬಂದ್ರೆ ಡಿಸ್ಕ್‌ನಲ್ಲಿ ಆ ಸೌಲಭ್ಯವೇ ಇಲ್ಲ.

ಬದಲಾಯಿಸೋದು: ಅದೇ ಕಮಾಂಡ್‌ನಲ್ಲಿ ಎಸ್‌ಸಿಟಿಇಆರ್‌ಸಿ ಆದಮೇಲೆ ಕಾಮಾ ಹಾಕಿ 70, ಮತ್ತೆ ಕಾಮಾ ಹಾಕಿ 70. ಮೊದಲನೇದು ಓದೋದಕ್ಕೆ, ಎರಡನೇದು ಬರೆಯೋದಕ್ಕೆ. ಇಲ್ಲಿ ಅಳತೆ ಸೆಕೆಂಡಿನ ಹತ್ತನೇ ಒಂದು ಭಾಗ, ಅದಕ್ಕೇ 70 ಅಂದ್ರೆ 7 ಸೆಕೆಂಡ್. 0 ಕೊಟ್ಟರೆ ಮಿತಿ ತೆಗೆದ ಹಾಗೆ, ಸೊನ್ನೆ ಸೆಕೆಂಡ್ ಅಂತ ಅಲ್ಲ. ಇದು ಪರೀಕ್ಷೆಯಲ್ಲಿ ಕೇಳೋ ತರಹದ ಪ್ರಶ್ನೆ, ನೆನಪಿಡಿ.

ಸೌಲಭ್ಯವೇ ಇಲ್ಲದ ಡಿಸ್ಕ್ ಆದ್ರೆ: ಡಿಸ್ಕ್‌ನ ಗಡಿಯಾರ ಕಡಿಮೆ ಮಾಡಕ್ಕೆ ಆಗಲ್ಲ, ಕರ್ನಲ್‌ನದ್ದನ್ನ ಜಾಸ್ತಿ ಮಾಡಿ. ಸಿಸ್ ಫೋಲ್ಡರ್, ಅದರೊಳಗೆ ಬ್ಲಾಕ್, ಅದರೊಳಗೆ ಡ್ರೈವಿನ ಹೆಸರು, ಅದರೊಳಗೆ ಡಿವೈಸ್, ಅಲ್ಲಿ ಟೈಮ್‌ಔಟ್ ಅನ್ನೋ ಫೈಲ್ ಇರುತ್ತೆ. ಅದರಲ್ಲಿ 30 ಇರುತ್ತೆ, 180 ಬರೆಯಿರಿ. ಈಗ ಕರ್ನಲ್ ಮೂರು ನಿಮಿಷ ಕಾಯುತ್ತೆ. ಕೆಟ್ಟ ಸೆಕ್ಟರ್ ಸಿಕ್ಕಾಗ ಸರ್ವರ್ ಎರಡು ನಿಮಿಷ ಹೆಪ್ಪುಗಟ್ಟಿದ ಹಾಗೆ ನಿಲ್ಲಬಹುದು, ಆದ್ರೆ ಡಿಸ್ಕ್ ಆಚೆ ಹೋಗಲ್ಲ.

ಒಟ್ಟು ನಿಯಮ ಒಂದೇ ಸಾಲು: ಡಿಸ್ಕ್‌ನ ಗಡಿಯಾರ ಯಾವಾಗಲೂ ಕರ್ನಲ್‌ನ ಗಡಿಯಾರಕ್ಕಿಂತ ಮೊದಲು ಮುಗೀಬೇಕು.

8. ಕರೆಂಟ್ ಹೋಗಿ ಬಂದ್ರೆ?

ತುಂಬಾ ಜನ ಎಡವೋದು ಇಲ್ಲೇ. ಈ 70ರ ಸೆಟ್ಟಿಂಗ್ ಎಷ್ಟೋ ಡಿಸ್ಕ್‌ಗಳಲ್ಲಿ ಪವರ್ ಆಫ್ ಆದ ತಕ್ಷಣ ಮರೆತುಹೋಗುತ್ತೆ. ಕರ್ನಲ್‌ಗೆ ಬರೆದ 180 ಕೂಡ ರೀಬೂಟ್ ಆದ್ರೆ ಮತ್ತೆ 30. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಾ? ಯುಪಿಎಸ್ ಬ್ಯಾಟರಿ ಮುಗಿದು ಸರ್ವರ್ ಆಫ್ ಆಗಿ ಆನ್ ಆಯ್ತು ಅಂದ್ರೆ ಸೆಟ್ಟಿಂಗ್ ಹೋಯ್ತು, ಯಾರಿಗೂ ಗೊತ್ತಾಗಲ್ಲ.

ಅದಕ್ಕೆ ಇದನ್ನ ಕೈಯಲ್ಲಿ ಒಂದು ಸಲ ಮಾಡಿ ಬಿಡೋದಲ್ಲ. ಪ್ರತಿ ಬೂಟ್‌ನಲ್ಲೂ ಓಡೋ ಚಿಕ್ಕ ಸ್ಕ್ರಿಪ್ಟ್ ಬರೆಯಿರಿ. ಪ್ರತಿ ಡಿಸ್ಕ್‌ಗೂ ಮೊದಲು 70, 70 ಕೊಡಲಿ, ಡಿಸ್ಕ್ ಒಪ್ಪಲಿಲ್ಲ ಅಂದ್ರೆ ಟೈಮ್‌ಔಟ್ 180 ಮಾಡಲಿ. ಯುಡೆವ್ ರೂಲ್ ಆಗಿ ಬರೆದ್ರೆ ಇನ್ನೂ ಒಳ್ಳೇದು, ಓಡ್ತಿರೋ ಸರ್ವರ್‌ಗೆ ಹೊಸ ಡಿಸ್ಕ್ ಹಾಕಿದಾಗಲೂ ತಾನೇ ಕೆಲಸ ಮಾಡುತ್ತೆ. ಯುಎಸ್‌ಬಿ ಡಬ್ಬದೊಳಗೆ ಇರೋ ಡಿಸ್ಕ್ ಆದ್ರೆ ಹುಷಾರು, ಕೆಲವು ಡಬ್ಬಗಳು ಈ ಕಮಾಂಡನ್ನ ಒಳಗೆ ದಾಟಿಸೋದೇ ಇಲ್ಲ.

9. ಯಾವಾಗ ಇದನ್ನ ಮಾಡಬಾರದು?

ಒಂಟಿ ಡಿಸ್ಕ್‌ಗೆ 7 ಸೆಕೆಂಡ್ ಇಡಬೇಡಿ. ನಿಮ್ಮ ಮನೆ ಕಂಪ್ಯೂಟರ್, ಬ್ಯಾಕಪ್ ಇಡೋ ಡಿಸ್ಕ್, ಇವುಗಳ ಹಿಂದೆ ಯಾರೂ ಇಲ್ಲ. ಅಲ್ಲಿ ಹಟ ಹಿಡಿದ್ರೇನೇ ಲಾಭ. ರೇಡ್ 0 ಕೂಡ ಇದೇ ಪಟ್ಟಿಗೆ ಸೇರುತ್ತೆ. ಹೆಸರಲ್ಲಿ ರೇಡ್ ಇದ್ರೂ ಅದರಲ್ಲಿ ಪ್ಯಾರಿಟಿಯೂ ಇಲ್ಲ, ಇನ್ನೊಂದು ಕಾಪಿಯೂ ಇಲ್ಲ.

ಇನ್ನೊಂದು ಸೂಕ್ಷ್ಮ ಇದೆ. ರೇಡ್ 5ರಲ್ಲಿ ಒಂದು ಡಿಸ್ಕ್ ನಿಜವಾಗಲೂ ಸತ್ತು ಹೋಯ್ತು, ಮೂರರ ಮೇಲೆ ನಡೀತಿದೆ ಅನ್ನಿ. ಈಗ ಆ ಮೂರೂ ಒಂಟಿ ಡಿಸ್ಕ್ ಇದ್ದ ಹಾಗೇ, ಅವು ಓದಲಿಲ್ಲ ಅಂದ್ರೆ ಲೆಕ್ಕ ಹಾಕಿ ಕೊಡೋರಿಲ್ಲ. ಆ ಹೊತ್ತಲ್ಲಿ ಮಿತಿ ತೆಗೆದು, ಕರ್ನಲ್ ಟೈಮ್‌ಔಟ್ 180 ಮಾಡಿ ರೀಬಿಲ್ಡ್ ಮಾಡೋದು ಜಾಣತನ. ಮುಗಿದ ಮೇಲೆ ಮತ್ತೆ 70. ರೇಡ್ 6ರಲ್ಲಿ ಎರಡು ಪ್ಯಾರಿಟಿ ಇರೋದ್ರಿಂದ ಒಂದು ಡಿಸ್ಕ್ ಹೋದ್ರೂ ಹಿಂದೆ ಇನ್ನೊಬ್ಬರಿದ್ದಾರೆ.

10. ಊರು ಕೊಳ್ಳೆ ಹೋಗೋ ಮುಂಚೆ

ಕೆಟ್ಟ ಸೆಕ್ಟರ್‌ಗಳು ಯಾರೂ ತೆಗೆಯದ ಹಳೇ ಫೈಲ್‌ಗಳಲ್ಲಿ ಬಚ್ಚಿಟ್ಟುಕೊಂಡಿರ್ತವೆ. ಎರಡು ವರ್ಷದ ಹಿಂದಿನ ಮದುವೆ ಆಲ್ಬಮ್ ಯಾರು ದಿನಾ ನೋಡ್ತಾರೆ? ಅವು ಬೆಳಕಿಗೆ ಬರೋದು ರೀಬಿಲ್ಡ್ ದಿನವೇ. ಅದಕ್ಕೆ ತಿಂಗಳಿಗೊಮ್ಮೆ ಸ್ಕ್ರಬ್ ಮಾಡಿ: ಎಂಡಿಯ ಸಿಂಕ್ ಆ್ಯಕ್ಷನ್ ಫೈಲ್‌ಗೆ ಚೆಕ್ ಅಂತ ಬರೆದ್ರೆ ಎಲ್ಲಾ ಡಿಸ್ಕ್‌ನ ಎಲ್ಲಾ ಸೆಕ್ಟರ್ ಓದಿ ನೋಡುತ್ತೆ, ಬರದಿದ್ದನ್ನ ಲೆಕ್ಕ ಹಾಕಿ ವಾಪಸ್ ಬರೆಯುತ್ತೆ. ಡೆಬಿಯನ್‌ನಲ್ಲಿ ಇದು ತಿಂಗಳ ಮೊದಲ ಭಾನುವಾರ ತಾನಾಗೇ ಓಡೋ ಹಾಗೆ ಇಟ್ಟಿರ್ತಾರೆ. ಆದ್ರೆ ಗಡಿಯಾರ ಹೊಂದಿಸದೇ ಸ್ಕ್ರಬ್ ಮಾಡಿದ್ರೆ, ಸ್ಕ್ರಬ್ಬೇ ಡಿಸ್ಕ್‌ನ ಆಚೆ ಹಾಕಿಸುತ್ತೆ. ಮೊದಲು 7ನೇ ಭಾಗದ ಕೆಲಸ, ಆಮೇಲೆ ಇದು.

ಕೊನೇ ಮಾತು, ಎಲ್ಲರೂ ಹೇಳೋದೇ: ರೇಡ್ ಬ್ಯಾಕಪ್ ಅಲ್ಲ. ತಪ್ಪಾಗಿ ಡಿಲೀಟ್ ಮಾಡಿದ ಫೋಲ್ಡರ್ ನಾಲ್ಕೂ ಡಿಸ್ಕ್‌ನಿಂದ ಒಟ್ಟಿಗೇ ಹೋಗುತ್ತೆ. ಇನ್ನೊಂದು ಕಾಪಿ ಬೇರೆ ಡಿಸ್ಕ್‌ನಲ್ಲಿ, ಆದ್ರೆ ಬೇರೆ ಮನೆಯಲ್ಲಿ ಇರಲಿ.

ಮಾಡಿ ನೋಡಿ

ಅ) ನಿಮ್ಮ ಲ್ಯಾಪ್‌ಟಾಪ್ ಅಥವಾ ಲ್ಯಾಬ್ ಕಂಪ್ಯೂಟರ್‌ನ ಡಿಸ್ಕ್‌ಗೆ ಈ ಸೌಲಭ್ಯ ಇದೆಯಾ ನೋಡಿ. ಲ್ಯಾಬ್ ಆದ್ರೆ ಮೇಡಂ ಅಥವಾ ಸರ್ ಹತ್ರ ಕೇಳಿಕೊಂಡೇ ನೋಡಿ. ನೋಡೋದ್ರಿಂದ ಏನೂ ಬದಲಾಗಲ್ಲ.

ಆ) 0101, 1110, 0011 ಮೂರು ಡಿಸ್ಕ್‌ನ ಡೇಟಾ ಆದ್ರೆ ನಾಲ್ಕನೇ ಡಿಸ್ಕ್‌ನ ಪ್ಯಾರಿಟಿ ಎಷ್ಟು? ಎರಡನೇದು ಹೋದ್ರೆ ವಾಪಸ್ ತನ್ನಿ.

ಇ) ಡಿಸ್ಕ್‌ನಲ್ಲಿ 400 ಅಂತ ಸೆಟ್ ಮಾಡಿ, ಕರ್ನಲ್ ಟೈಮ್‌ಔಟ್ 30ರಲ್ಲೇ ಬಿಟ್ಟರೆ ಏನಾಗುತ್ತೆ? ಯಾಕೆ?

ಈ) ನಿಮ್ಮ ಊರಲ್ಲಿ ಫೋಟೋ ಸ್ಟುಡಿಯೋ ಅಥವಾ ಅಂಗಡಿ ಇಟ್ಟಿರೋ ಅಣ್ಣನೋ ಮಾವನೋ ಇದ್ರೆ, ರೇಡ್ ಡಬ್ಬ ಇಟ್ಟಿದ್ದಾರಾ ಕೇಳಿ. ಇದ್ರೆ ಒಂದು ಭಾನುವಾರ ಹೋಗಿ ಈ ಒಂದು ಸೆಟ್ಟಿಂಗ್ ನೋಡಿ ಬನ್ನಿ. ರೆಡಿಮೇಡ್ ನ್ಯಾಸ್ ಆದ್ರೆ ಅವರ ಡಿಸ್ಕ್ ಆ ಕಂಪನಿಯ ಪಟ್ಟಿಯಲ್ಲಿ ಇದೆಯಾ ನೋಡಿದ್ರೂ ಸಾಕು. ಹತ್ತು ನಿಮಿಷದ ಕೆಲಸ, ಉಳಿಯೋದು ಯಾರದ್ದೋ ಮದುವೆ.

ಆ ಮತ್ತು ಇ ಪ್ರಶ್ನೆಗಳ ಉತ್ತರ ಮುಂದಿನ ಸಂಚಿಕೆಯಲ್ಲಿ ಕೊಡ್ತೀವಿ. ಅಲ್ಲಿವರೆಗೂ ಬ್ಯಾಕಪ್ ಮಾಡ್ತಾ ಇರಿ.